ಸ್ಪೋರ್ಟ್ಸ್ ಕಾರಿನ ಶಾಕ್ ಅಬ್ಸಾರ್ಬರ್ ಗಟ್ಟಿ ಇದ್ದಷ್ಟೂ ಒಳ್ಳೆಯದಾ?

ಎಲ್ಲರಿಗೂ ನಮಸ್ಕಾರ! ನಮ್ಮ ವೀಕ್ಷಕರೊಬ್ಬರು ಕೇಳಿದ್ದಾರೆ: "ಗುರು, ಫೆರಾರಿಯಲ್ಲಿ 'ಬಂಪಿ ರೋಡ್' ಅಂತ ಒಂದು ಬಟನ್ ಇದೆಯಂತೆ, ಬೆಂಗಳೂರು ನೋಡಿಯೇ ಮಾಡಿದ್ದಾ?" ಇರಲಿಕ್ಕಿಲ್ಲ ಬಿಡಿ. ಆದರೆ ಆ ಬಟನ್ ಮಾಡುವ ಕೆಲಸ ವಿಚಿತ್ರವಾಗಿದೆ. ಎಂಜಿನ್, ಗೇರ್‌ಬಾಕ್ಸ್ ಎಲ್ಲ ರೇಸ್ ಮೋಡ್‌ನಲ್ಲೇ ಇರುತ್ತವೆ, ಶಾಕ್ ಅಬ್ಸಾರ್ಬರ್ ಮಾತ್ರ ಮೆತ್ತಗಾಗುತ್ತದೆ. ರೇಸ್‌ಗೆ ಗಟ್ಟಿ ಇರಬೇಕಲ್ವಾ?

ಬೇಸಿಕ್ಸ್ ಬೇಗ ಮುಗಿಸೋಣ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಅದು ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್. ಒಳಗೆ ಆಯಿಲ್, ಆಯಿಲ್‌ನಲ್ಲಿ ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ತೂತುಗಳು. ಆಯಿಲ್ ಅಲ್ಲಿ ನುಗ್ಗುವಾಗ ಕುಲುಕಾಟದ ಶಕ್ತಿ ಬಿಸಿಯಾಗಿ ಹೋಗುತ್ತದೆ. ಅಷ್ಟೇ.

ಈಗ ಮಜಾ ಇರುವ ವಿಷಯ. ಬಕೆಟ್ ನೀರಿನಲ್ಲಿ ಕೈ ನಿಧಾನವಾಗಿ ಆಡಿಸಿ, ಏನೂ ಅನ್ನಿಸುವುದಿಲ್ಲ. ಅದೇ ಅಂಗೈ ಅಗಲಿಸಿ ಜೋರಾಗಿ ತಳ್ಳಿ, ನೀರು ವಾಪಸ್ ತಳ್ಳುತ್ತದೆ. ಶಾಕ್ ಅಬ್ಸಾರ್ಬರ್ ಒಳಗೂ ಇದೇ ಕಥೆ, ಪಿಸ್ಟನ್ ವೇಗ ಹೆಚ್ಚಿದಂತೆ ತಡೆಯೂ ಹೆಚ್ಚುತ್ತದೆ. ಗಮನಿಸಿ, ಕಾರಿನ ವೇಗ ಅಲ್ಲ, ಪಿಸ್ಟನ್ ವೇಗ! ಟ್ಯೂನಿಂಗ್ ಮಾಡುವವರು 'ಲೋ ಸ್ಪೀಡ್', 'ಹೈ ಸ್ಪೀಡ್' ಅನ್ನುವುದು ಇದಕ್ಕೇ. ನೈಸ್ ರೋಡ್‌ನ ಉದ್ದನೆ ತಿರುವಿನಲ್ಲಿ ನೀವು 80ರಲ್ಲಿ ಹೋಗುತ್ತಿದ್ದರೂ ಕಾರು ವಾಲುವುದು ನಿಧಾನವಾಗಿಯೇ, ಹಾಗಾಗಿ ಪಿಸ್ಟನ್‌ಗೆ ಅದು ಲೋ ಸ್ಪೀಡ್. ಸಿಲ್ಕ್ ಬೋರ್ಡ್ ಹತ್ತಿರ 20ರಲ್ಲಿ ತೆವಳುವಾಗ ಚೂಪು ಅಂಚಿನ ಗುಂಡಿಗೆ ಚಕ್ರ ಬಿತ್ತು ಅಂದುಕೊಳ್ಳಿ. ಅದು ಹೈ ಸ್ಪೀಡ್. ಟ್ರಾಫಿಕ್‌ನಲ್ಲೂ ನಮಗೆ ಹೈ ಸ್ಪೀಡ್ ಸಿಗುತ್ತದೆ ಅಂದರೆ ನಂಬಲೇಬೇಕು!

ಹಾಗಾಗಿ ಒಳ್ಳೆಯ ಟ್ಯೂನಿಂಗ್ ಎರಡು ಮುಖದ್ದು. ಪಿಸ್ಟನ್ ನಿಧಾನ ಇದ್ದಾಗ ಬಿಗಿ, ಸ್ಟೀರಿಂಗ್ ತಿರುಗಿಸಿದರೆ ಕಾರು ದಡಕ್ಕನೆ ವಾಲುವುದಿಲ್ಲ. ಗುಂಡಿ ಬಂದು ಪಿಸ್ಟನ್ ಜೋರಾಗಿ ಓಡಿದಾಗ ತೂತುಗಳನ್ನು ಮುಚ್ಚಿರುವ ತೆಳು ಉಕ್ಕಿನ ಬಿಲ್ಲೆಗಳು ಬಾಗಿ, ಆಯಿಲ್‌ಗೆ ದಾರಿ ಬಿಡುತ್ತವೆ. ಯಾವ ದಪ್ಪದ ಬಿಲ್ಲೆ, ಎಷ್ಟು ಬಿಲ್ಲೆ, ಅದರಲ್ಲೇ ಕಾರಿನ ಸ್ವಭಾವ ಇದೆ. ನನಗಂತೂ ಎಂಜಿನ್‌ಗಿಂತ ಇವೇ ಇಷ್ಟ.

ಎಲ್ಲ ವೇಗದಲ್ಲೂ ಗಟ್ಟಿ ಮಾಡಿಬಿಟ್ಟರೆ? ಹದಗೆಟ್ಟ ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಹಾರುತ್ತದೆ. ಗಾಳಿಯಲ್ಲಿರುವ ಟೈರ್‌ಗೆ ಗ್ರಿಪ್ಪೂ ಇಲ್ಲ, ಬ್ರೇಕೂ ಇಲ್ಲ. ಅಂದರೆ ಆ ಬಟನ್ ಬರೀ ಸೊಂಟ ಉಳಿಸುವುದಕ್ಕಲ್ಲ, ಗ್ರಿಪ್ ಉಳಿಸುವುದಕ್ಕೂ ಹೌದು. ಗಟ್ಟಿ ಶಾಕ್ಸ್ ಹಾಕಿಸಿಕೊಂಡು 'ಹ್ಯಾಂಡ್ಲಿಂಗ್ ಸೂಪರ್ ಮಗಾ' ಅನ್ನುವವರಿಗೆ ಈ ವಿಡಿಯೋ ಫಾರ್ವರ್ಡ್ ಮಾಡಿ.

ಟೈಮ್ ಆಗ್ತಾ ಇದೆ, ಉಳಿದದ್ದು ಫಟಾಫಟ್. ಸ್ಪ್ರಿಂಗ್ ಮತ್ತೆ ಹಿಗ್ಗುವಾಗಿನ ತಡೆ ರಿಬೌಂಡ್. ಅದು ಜಾಸ್ತಿ ಬಿಗಿಯಾದರೆ ಸಾಲು ಹಂಪ್‌ಗಳ ಮೇಲೆ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನ ಹಂಪ್ ಬಂದು, ಕಾರು ಕುಗ್ಗುತ್ತಾ ಹೋಗುತ್ತದೆ. ಸಡಿಲವಾದರೆ ತೇಲಾಟ. ಒಂದೇ ಸಮನಾದ ತಿರುವಿನಲ್ಲಿ ಹೊರಗಿನ ಚಕ್ರಗಳಿಗೆ ಒಟ್ಟು ಎಷ್ಟು ಭಾರ ಹೋಗುತ್ತದೆ ಅನ್ನುವುದನ್ನು ಶಾಕ್ಸ್ ಬದಲಿಸುವುದಿಲ್ಲ, ಎಷ್ಟು ಬೇಗ ಹೋಗುತ್ತದೆ ಅನ್ನುವುದನ್ನು ಬದಲಿಸುತ್ತವೆ. ಸ್ಟೀರಿಂಗ್ ಚುರುಕು ಅನ್ನಿಸುವುದು ಅಲ್ಲೇ. ಇನ್ನು 2002ರಲ್ಲಿ ಕ್ಯಾಡಿಲಾಕ್ ಸೆವಿಲ್‌ನಲ್ಲಿ ಬಂದ ಮ್ಯಾಗ್ನೆಟಿಕ್ ಶಾಕ್ಸ್: ಆಯಿಲ್‌ನಲ್ಲಿ ಕಬ್ಬಿಣದ ಸಣ್ಣ ಕಣಗಳು, ಕರೆಂಟ್ ಕೊಟ್ಟರೆ ಮಿಲಿಸೆಕೆಂಡುಗಳಲ್ಲಿ ಬಿಗಿ. ಅದಕ್ಕೆ ಬೇರೆ ವಿಡಿಯೋನೇ ಬೇಕು.

ನಿಮ್ಮ ಕಾರಿಗೆ ಅಡ್ಜಸ್ಟ್ ಮಾಡುವ ಶಾಕ್ಸ್ ಇದ್ದರೆ ಮೊದಲು ಟೈರ್ ಪ್ರೆಶರ್ ನೋಡಿ, ಆಮೇಲೆ ಒಂದು ಸಲಕ್ಕೆ ಒಂದೇ ನಾಬ್, ಒಂದೆರಡು ಕ್ಲಿಕ್ ಮಾತ್ರ ತಿರುಗಿಸಿ, ಅದೇ ರಸ್ತೆಯಲ್ಲಿ ಓಡಿಸಿ ನೋಡಿ.