ಬಿಷಪ್ ಶಾಲೆಯಲ್ಲಿ ಯಜಮಾನ ಯಾರು?

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ಸ್ವಲ್ಪ ಹೊತ್ತು ಮಾತಾಡಿ ಅಂದಿದ್ದಾರೆ. ಒಳಗಿಂದ ಬಿಸಿಬೇಳೆಬಾತಿನ ವಾಸನೆ ಬರ್ತಾ ಇರುವಾಗ ಶಾಲಾ ಆಡಳಿತದ ಬಗ್ಗೆ ಮಾತಾಡೋಕೆ ಧೈರ್ಯ ಬೇಕು. ಆದಷ್ಟು ಬೇಗ ಮುಗಿಸುತ್ತೇನೆ.

ಇಲ್ಲಿ ಟೆಕ್ಸಾಸ್‌ನಲ್ಲಿ ನಮ್ಮವರ ಎಷ್ಟೋ ಮಕ್ಕಳು ಎಪಿಸ್ಕೋಪಲ್ ಅನ್ನೋ ಕ್ರೈಸ್ತ ಚರ್ಚಿನ ಶಾಲೆಗಳಲ್ಲಿ ಓದುತ್ತಿದ್ದಾರೆ. ನಾನು ಅಂಥ ಒಂದು ಶಾಲೆಯಲ್ಲಿ ಆರು ವರ್ಷ ಟ್ರಸ್ಟಿ, ಅಂದರೆ ಆಡಳಿತ ಬೋರ್ಡಿನ ಸದಸ್ಯ ಆಗಿದ್ದೆ ಅಂತ ಗೊತ್ತಾದ ಕೂಡಲೇ ಜನ ಕೇಳೋದು ಒಂದೇ ಪ್ರಶ್ನೆ: ‘ಅಲ್ಲಿ ಬಿಷಪ್ ಹೇಳಿದ್ದೇ ನಡೆಯೋದಾ?’ ತಪ್ಪೇನಿಲ್ಲ. ಮಠದ ಶಾಲೆಯಲ್ಲಿ ಓದಿ ಬಂದವರು ನಾವು, ಸ್ವಾಮೀಜಿ ಮಾತಿನ ಮೇಲೆ ಇನ್ನೊಂದು ಮಾತಿಲ್ಲ ಅಂತ ನೋಡಿಯೇ ಬೆಳೆದವರು. ಆದರೆ ನನ್ನ ಆರು ವರ್ಷದಲ್ಲಿ ಬಿಷಪ್ ನಮ್ಮ ಶಾಲೆಗೆ ಬಂದದ್ದು ಬೆರಳೆಣಿಕೆಯಷ್ಟು ಸಲ. ಬಂದು, ಪ್ರಾರ್ಥನೆ ಮಾಡಿ, ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ಹೋದರು, ಅಷ್ಟೆ.

‘ಎಪಿಸ್ಕೊಪೊಸ್’ ಅನ್ನೋ ಗ್ರೀಕ್ ಪದದಿಂದ ಬಂದದ್ದು ಎಪಿಸ್ಕೋಪಲ್ ಅನ್ನೋ ಹೆಸರು. ಅದರ ಅರ್ಥ ಮೇಲ್ವಿಚಾರಕ, ನೋಡಿಕೊಳ್ಳುವವನು. ಗಮನಿಸಿ, ನೋಡಿಕೊಳ್ಳುವವನು, ಮಾಡುವವನಲ್ಲ. ಈ ಎರಡರ ನಡುವೆ ಗೆರೆ ಎಲ್ಲಿ ಎಳೆಯಬೇಕು ಅನ್ನೋದರಲ್ಲೇ ನನ್ನ ಆರು ವರ್ಷ ಕಳೆದುಹೋಯಿತು.

ಮೊದಲ ವರ್ಷವೇ ಎಡವಿದೆ. ಒಂದು ಸಂಜೆ ಪಾರ್ಕಿಂಗ್ ಜಾಗದಲ್ಲಿ ನಮ್ಮವರೇ ಒಬ್ಬರು ಸಿಕ್ಕು, ಆರನೇ ಕ್ಲಾಸಿನ ಗಣಿತದ ಟೀಚರ್ ಹೋಮ್‌ವರ್ಕ್ ಜಾಸ್ತಿ ಕೊಡ್ತಾರೆ, ಮಗು ರಾತ್ರಿ ಹನ್ನೊಂದಾದರೂ ಮಲಗಲ್ಲ, ನೀವು ಬೋರ್ಡಲ್ಲಿ ಇದ್ದೀರಲ್ವಾ ಏನಾದ್ರೂ ಮಾಡಿ ಅಂದರು. ನಾನು ಮನೆಗೆ ಹೋಗಿ ಆ ಟೀಚರಿಗೆ ನೇರವಾಗಿ ಇಮೇಲ್ ಹಾಕಿದೆ. ಕೆಳಗೆ ‘ಟ್ರಸ್ಟಿ’ ಅಂತ ಬೇರೆ ಬರೆದೆ, ಜಂಭ ನೋಡಿ! ಮಾರನೇ ದಿನ ಬೆಳಿಗ್ಗೆಯೇ ಬೋರ್ಡ್ ಅಧ್ಯಕ್ಷೆಯಿಂದ ಫೋನ್ ಬಂತು. ಬೈಯಲಿಲ್ಲ. ಬೋರ್ಡಿಗೆ ಇರೋದು ಒಬ್ಬರೇ ನೌಕರರು, ಅದು ಹೆಡ್, ಅಂದರೆ ಶಾಲೆಯ ಮುಖ್ಯಸ್ಥರು. ಉಳಿದವರೆಲ್ಲ ಹೆಡ್ ಕೈಕೆಳಗೆ ಕೆಲಸ ಮಾಡುವವರು ಅಂದರು. ಮೀಟಿಂಗ್ ಕೋಣೆಯಿಂದ ಆಚೆ ಬಂದ ಮೇಲೆ ನೀವು ಟ್ರಸ್ಟಿ ಅಲ್ಲ, ಬರೀ ಒಬ್ಬ ಅಪ್ಪ ಅಂತಲೂ ಹೇಳಿದರು. ನಾನು ಹೋಗಿ ಹೆಡ್ ಹತ್ತಿರ ಕ್ಷಮೆ ಕೇಳಿದೆ. ಹೆಡ್‌ನ ನೇಮಿಸೋದು, ವರ್ಷಕ್ಕೊಮ್ಮೆ ಅವರ ಕೆಲಸ ಅಳೆಯೋದು, ಬಜೆಟ್ ಒಪ್ಪೋದು, ಶಾಲೆಯ ಧ್ಯೇಯ ಕಾಯೋದು, ಇಪ್ಪತ್ತು ವರ್ಷ ಆಚೆ ಶಾಲೆ ಇರುತ್ತಾ ಅಂತ ಯೋಚಿಸೋದು, ಇಷ್ಟು ಬೋರ್ಡಿನ ಕೆಲಸ. ಹೋಮ್‌ವರ್ಕ್ ಅದರಲ್ಲಿ ಇಲ್ಲ.

ಹಾಗಂತ ಕಣ್ಣು ಮುಚ್ಚಿ ಕೂರೋಕೂ ಆಗಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಕಾಂಕರ್ಡ್‌ನಲ್ಲಿ ಸೇಂಟ್ ಪಾಲ್ಸ್ ಅಂತ ಎಪಿಸ್ಕೋಪಲ್ ಶಾಲೆ ಇದೆ, 1856ರದ್ದು, ತುಂಬಾ ಹೆಸರು, ತುಂಬಾ ದುಡ್ಡು. ಅಲ್ಲಿ ಹಿಂದೆ ಸಿಬ್ಬಂದಿಯಿಂದ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು ಅಂತ ಶಾಲೆಯೇ ಮಾಡಿಸಿದ ತನಿಖೆಯ ವರದಿ 2017ರಲ್ಲಿ ಹೊರಬಂತು. ಮರುವರ್ಷ ಶಾಲೆ ಆ ರಾಜ್ಯದ ಅಟಾರ್ನಿ ಜನರಲ್ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು, ಅದರ ಪ್ರಕಾರ ಹೊರಗಿನ ಸ್ವತಂತ್ರ ಮೇಲ್ವಿಚಾರಕ ಒಬ್ಬ ಶಾಲೆಯೊಳಗೆ ಬಂದು ಕೂತ. ಹೆಸರಲ್ಲೇ ಮೇಲ್ವಿಚಾರಣೆ ಇಟ್ಟುಕೊಂಡ ಚರ್ಚಿನ ಶಾಲೆಗೆ ಮೇಲ್ವಿಚಾರಕನನ್ನ ಹೊರಗಿಂದ ತರಬೇಕಾಯಿತು! ಅದನ್ನ ಓದಿದ ಮೇಲೆ ನಮ್ಮ ಬೋರ್ಡಿನಲ್ಲಿ ಮಕ್ಕಳ ಸುರಕ್ಷತೆಯ ವಿಷಯ ಪ್ರತಿ ಮೀಟಿಂಗಿನ ಪಟ್ಟಿಗೂ ಸೇರಿತು.

ಹಳೇ ಕಾಲದಲ್ಲಿ ಇಷ್ಟು ತಲೆಬಿಸಿ ಇರಲಿಲ್ಲ. ಮ್ಯಾಸಚೂಸೆಟ್ಸ್‌ನ ಗ್ರೋಟನ್ ಶಾಲೆಯನ್ನ ಎಂಡಿಕಾಟ್ ಪೀಬಾಡಿ ಅನ್ನೋ ಪಾದ್ರಿ 1884ರಲ್ಲಿ ಶುರು ಮಾಡಿ 1940ರವರೆಗೆ ತಾವೇ ನಡೆಸಿದರು. ಐವತ್ತಾರು ವರ್ಷ! ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಈ ಪೀಬಾಡಿಯವರ ಶಿಷ್ಯ, 1905ರಲ್ಲಿ ರೂಸ್‌ವೆಲ್ಟ್ ಮದುವೆ ಮಾಡಿಸಿದ್ದೂ ಇವರೇ.  ಒಬ್ಬ ಮನುಷ್ಯನ ಸ್ವಭಾವವೇ ಶಾಲೆಯ ಸಂವಿಧಾನ ಆಗಿದ್ದ ಕಾಲ ಅದು. ಆ ಮನುಷ್ಯ ಒಳ್ಳೆಯವನಾಗಿದ್ದರೆ ಸರಿ.

ಈಗ ನಮ್ಮ ಶಾಲೆಯ ಗೋಜಲು ಕೇಳಿ. ಕೆಲವು ಎಪಿಸ್ಕೋಪಲ್ ಶಾಲೆಗಳು ತಾವೇ ಬೇರೆ ಸಂಸ್ಥೆಯಾಗಿ ನೋಂದಾಯಿಸಿಕೊಂಡಿವೆ, ಕೆಲವು ಬಿಷಪ್ಪರ ಮುಖ್ಯ ಚರ್ಚಾದ ಕೆಥೀಡ್ರಲ್ ಜೊತೆ ಇವೆ. ನಮ್ಮದು ಪ್ಯಾರಿಷ್ ಶಾಲೆ, ಅಂದರೆ ಒಂದು ಸ್ಥಳೀಯ ಚರ್ಚಿಗೆ ಸೇರಿದ್ದು. ಮುಂದೆ ಚರ್ಚು, ಹಿಂದೆ ಕ್ಲಾಸ್‌ರೂಮು. ಚರ್ಚಿನ ಮುಖ್ಯ ಪಾದ್ರಿಗೆ ರೆಕ್ಟರ್ ಅಂತಾರೆ. ಚರ್ಚಿನ ಸದಸ್ಯರು ಆರಿಸಿದ ಸಮಿತಿ ವೆಸ್ಟ್ರಿ. ಶಾಲೆಗೆ ಹೆಡ್ ಬೇರೆ, ನಮ್ಮ ಬೋರ್ಡ್ ಬೇರೆ. (ಸೇಂಟ್ ಪಾಲ್ಸ್‌ನಲ್ಲಿ ಶಾಲೆಯ ಹೆಡ್‌ಗೇ ರೆಕ್ಟರ್ ಅಂತಾರೆ, ಗೊಂದಲ ಸಾಲದು ಅಂತ.) ಚರ್ಚಿನ ಕಟ್ಟಡವನ್ನ ಯಾವುದಕ್ಕೆ ಬಳಸಬೇಕು ಅನ್ನೋ ಅಧಿಕಾರ ಚರ್ಚಿನ ಕಾನೂನಿನ ಪ್ರಕಾರ ರೆಕ್ಟರದ್ದು. ಆಸ್ತಿಯೋ, 1979ರ ಒಂದು ನಿಯಮದ ಪ್ರಕಾರ ಪ್ಯಾರಿಷ್ ಆಸ್ತಿಯೆಲ್ಲ ಇಡೀ ಎಪಿಸ್ಕೋಪಲ್ ಚರ್ಚಿನ ಪರವಾಗಿ ಟ್ರಸ್ಟ್ ರೂಪದಲ್ಲಿ ಇಟ್ಟುಕೊಂಡದ್ದು. ಅಂದರೆ ಹೊಸ ಜಿಮ್ ಕಟ್ಟೋಕೆ ಸಾಲ ಬೇಕು ಅಂತ ನಮ್ಮಷ್ಟಕ್ಕೆ ನಾವು ಚರ್ಚಿನ ಜಾಗ ಅಡ ಇಡೋ ಹಾಗಿಲ್ಲ. ಇದೇ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ 2008ರಲ್ಲಿ ಒಂದು ಗುಂಪು ಚರ್ಚಿನಿಂದ ಬೇರೆ ಆದಾಗ ಆಸ್ತಿ ಯಾರದ್ದು ಅಂತ ಶುರುವಾದ ಕೇಸು 2021ರವರೆಗೂ ಎಳೆಯಿತು. ಆ ನಿಯಮ ಇದ್ದರೂ ರಾಜ್ಯದ ಸುಪ್ರೀಂ ಕೋರ್ಟು ಬೇರೆ ಆದವರ ಪರವೇ ತೀರ್ಪು ಕೊಟ್ಟಿತು. ಯಾವುದು ಯಾರದ್ದು ಅಂತ ಜಗಳಕ್ಕೆ ಮುಂಚೆಯೇ ಕಾಗದದಲ್ಲಿ ಬರೆದಿಡಿ ಅಂತ ನಾನು ಗಂಟಲು ಹರ್ಕೊಂಡದ್ದು ಇದಕ್ಕೇ. ಸಂಬಂಧ ಚೆನ್ನಾಗಿದೆ, ಬರೆಯೋದು ಯಾಕೆ ಅಂತಿದ್ದರು. ಚೆನ್ನಾಗಿರುವಾಗಲೇ ಅಲ್ವಾ ಬರೆಯೋಕೆ ಆಗೋದು?

ನಿಜವಾದ ಪರೀಕ್ಷೆ ಬಂದದ್ದು ದುಡ್ಡಿನ ವಿಷಯಕ್ಕಲ್ಲ, ಚಾಪೆಲ್, ಅಂದರೆ ಶಾಲೆಯ ಸಾಮೂಹಿಕ ಪ್ರಾರ್ಥನೆಯ ವಿಷಯಕ್ಕೆ. ವಾರಕ್ಕೆ ಮೂರು ದಿನ ಬೆಳಿಗ್ಗೆ ಎಲ್ಲ ಮಕ್ಕಳೂ ಚಾಪೆಲ್‌ಗೆ ಹೋಗಬೇಕು. ಹಿಂದೂ, ಮುಸ್ಲಿಂ, ಯಹೂದಿ, ಯಾವುದೂ ನಂಬದವರು, ಎಲ್ಲರೂ. ಯಾರನ್ನೂ ಮತಾಂತರ ಮಾಡೋದು ಉದ್ದೇಶ ಅಲ್ಲ. ಎಪಿಸ್ಕೋಪಲ್ ಚರ್ಚಿನ ಪ್ರಾರ್ಥನಾ ಪುಸ್ತಕದಲ್ಲಿ ಪ್ರತಿಯೊಬ್ಬ ಮನುಷ್ಯನ ಘನತೆಯನ್ನೂ ಗೌರವಿಸುತ್ತೇನೆ ಅನ್ನೋ ಅರ್ಥದ ಒಂದು ಮಾತಿದೆ, ಈ ಶಾಲೆಗಳು ಕೈಯಲ್ಲಿ ಹಿಡಿದು ನಡೆಯೋದು ಅದನ್ನೇ. ಒಂದು ವರ್ಷ ಕೆಲವು ಹೆತ್ತವರು ಚಾಪೆಲ್ ವಾರಕ್ಕೆ ಒಂದೇ ಸಲ ಸಾಕು, ಆ ಹೊತ್ತಿಗೆ ಕೋಡಿಂಗ್ ಹಾಕಿ ಅಂತ ಅರ್ಜಿ ಕೊಟ್ಟರು. ನಮ್ಮವರ ಸಹಿಯೂ ಬೇಕಾದಷ್ಟಿತ್ತು. ಈಗ ಹೇಳಿ, ಇದು ಟೈಮ್‌ಟೇಬಲ್ ಆದರೆ ಹೆಡ್ ಕೆಲಸ. ಧ್ಯೇಯ ಆದರೆ ಬೋರ್ಡಿನ ಕೆಲಸ. ಪೂಜೆ ಆದರೆ ರೆಕ್ಟರ್ ಕೆಲಸ. ಮೂರೂ ಹೌದು! ಎರಡು ತಿಂಗಳು ಒಬ್ಬರ ಮುಖ ಒಬ್ಬರು ನೋಡಿದ್ದೇ ಆಯಿತು. ಕೊನೆಗೆ ಚಾಪೆಲ್ ಇರುತ್ತೆ ಅಂತ ಬೋರ್ಡ್ ತೀರ್ಮಾನಿಸಿತು, ಯಾವ ಹೊತ್ತು, ಎಷ್ಟು ನಿಮಿಷ ಅನ್ನೋದು ಹೆಡ್‌ಗೆ ಬಿಟ್ಟೆವು, ಒಳಗೆ ಏನು ಓದಬೇಕು ಅನ್ನೋದು ರೆಕ್ಟರ್ ಮತ್ತು ಶಾಲೆಯ ಪಾದ್ರಿಯಾದ ಚಾಪ್ಲಿನ್‌ಗೆ.

ಓಟು ಹಾಕುವಾಗ ನಾನು ಚಾಪೆಲ್ ಪರವಾಗಿ ಕೈ ಎತ್ತಿದೆ. ಅರ್ಜಿಗೆ ಸಹಿ ಹಾಕಿದವರಲ್ಲಿ ನನ್ನ ಹೆಂಡತಿಯೂ ಇದ್ದಳು. ಮನೆಗೆ ಹೋದ ಮೇಲೆ ಏನಾಯಿತು ಅಂತ ಅವಳನ್ನೇ ಕೇಳಿ, ಅಲ್ಲಿ ಬಡಿಸ್ತಾ ಇದ್ದಾಳೆ.