ಎಂಟರ್ ಒತ್ತಲು ಯಾರೂ ಇಲ್ಲದಾಗ: ಲಿನಕ್ಸ್ ಇನ್‌ಸ್ಟಾಲ್ ಮತ್ತು ಪ್ಯಾಕೇಜ್‌ಗಳ ಜಗಳ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ, ಮೋಡ ಬೇರೆ ಕವಿದಿದೆ. ವೈಟ್‌ಫೀಲ್ಡ್‌ನಿಂದ, ಯಲಹಂಕದಿಂದ ಟ್ರಾಫಿಕ್ ದಾಟಿಕೊಂಡು ಜಯನಗರದವರೆಗೆ ಬಂದಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಊರಿನದೇ ಒಂದು ಕಾಲೇಜು. ಲ್ಯಾಬಿನಲ್ಲಿ 40 ಸಿಸ್ಟಂ. ಎಲ್ಲಕ್ಕೂ ಡೆಬಿಯನ್ 12 ಅನ್ನುವ ಲಿನಕ್ಸ್ ಹಾಕಬೇಕಿತ್ತು. ಒಂದೊಂದರ ಮುಂದೆಯೂ ಕೂತು ಹಾಕೋಕೆ ಆಗುತ್ತಾ? ಪ್ರಿಸೀಡ್ ಫೈಲ್ ಬರೆದೆ. ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆಲ್ಲ ಅದರಲ್ಲಿ ಮೊದಲೇ ಉತ್ತರ ಇರುತ್ತದೆ: ಭಾಷೆ ಯಾವುದು, ಡಿಸ್ಕ್ ಹೇಗೆ ಹಂಚಬೇಕು, ಯಾವ ಪ್ಯಾಕೇಜ್, ಅಂದರೆ ಯಾವ ಸಾಫ್ಟ್‌ವೇರ್ ಕಟ್ಟು, ಬೇಕು. ಎಲ್ಲ ಸಿಸ್ಟಂಗಳೂ ನೆಟ್‌ವರ್ಕ್‌ನಿಂದ ಬೂಟ್ ಆಗುವ ಹಾಗೆ ಮಾಡಿ, ಶುಕ್ರವಾರ ರಾತ್ರಿ ಚಾಲೂ ಮಾಡಿ ಮನೆಗೆ ಹೋದೆ.

ಬೆಳಿಗ್ಗೆ ಏಳೂವರೆಗೆ ಲ್ಯಾಬ್ ಅಟೆಂಡರ್ ಫೋನ್ ಮಾಡಿದರು. "ಸಾರ್, ಎಲ್ಲಾ ಕೆಂಪಗೆ ನಿಂತಿವೆ. ಎಂಟರ್ ಒತ್ಲಾ?"

ಆ ಪ್ರಶ್ನೆ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ನಲವತ್ತೂ ಪರದೆಗಳ ಮೇಲೆ ಡೆಬಿಯನ್ ಇನ್‌ಸ್ಟಾಲರ್‌ನ ಕೆಂಪು ಪರದೆ. ಸಾಫ್ಟ್‌ವೇರ್ ಆರಿಸಿ ಹಾಕುವ ಹಂತ ಫೇಲ್ ಆಗಿದೆ, ಮುಂದುವರಿಯಲು ಎಂಟರ್ ಒತ್ತಿ ಅನ್ನುವ ಸಾಲು. ಒತ್ತುವವರು ಯಾರೂ ಇರಬಾರದು ಅಂತಲೇ ನಾವು ಈ ದಾರಿ ಹಿಡಿದದ್ದು, ಅಲ್ವಾ?

ಹೋಗಿ ಒಂದು ಸಿಸ್ಟಂನಲ್ಲಿ ಆಲ್ಟ್ ಎಫ್4 ಒತ್ತಿದೆ. ಇನ್‌ಸ್ಟಾಲರ್‌ನ ಲಾಗ್ ಓಡುವುದು ಅಲ್ಲೇ. ಕೊನೆಯ ಸಾಲು ನಿಮಗೆಲ್ಲ ಗೊತ್ತಿರುವಂಥದ್ದೇ: ತೊಂದರೆ ಸರಿಪಡಿಸಲು ಆಗಲಿಲ್ಲ, ನೀವು ಹೋಲ್ಡ್‌ನಲ್ಲಿಟ್ಟ ಪ್ಯಾಕೇಜ್‌ಗಳು ಮುರಿದಿವೆ. ಈ ಸಾಲನ್ನು ನಂಬಬೇಡಿ. ಯಾವುದನ್ನೂ ಹೋಲ್ಡ್ ಮಾಡದಿದ್ದರೂ, ಅಂದರೆ ಬದಲಾಗದಂತೆ ತಡೆದಿಡದಿದ್ದರೂ, ಪ್ಯಾಕೇಜ್ ಹಾಕುವ ತೆಗೆಯುವ ಪ್ರೋಗ್ರಾಂ ಆಪ್ಟ್ ಇದನ್ನೇ ಹೇಳುತ್ತದೆ. ಹುಡುಕಬೇಕಾದ್ದು ಅದರ ಮೇಲಿನ ಸಾಲುಗಳಲ್ಲಿ. ಅಲ್ಲಿ ಹೀಗಿತ್ತು: ಲಿಬ್‌ಎಸ್‌ಎಸ್‌ಎಲ್-ಡೆವ್‌ಗೆ ಲಿಬ್‌ಎಸ್‌ಎಸ್‌ಎಲ್3 ಬೇಕು, ಸರಿಯಾಗಿ 3.0.9 ವರ್ಷನ್‌ದೇ ಬೇಕು. ಆದರೆ ಸಿಸ್ಟಂನಲ್ಲಿ ಕೂತಿರುವುದು 3.0.11.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಇಂಥ ರಾತ್ರಿಗಳಲ್ಲಿ ನಾನು ಅತಿ ಜಾಸ್ತಿ ನೋಡಿರುವ ಜಗಳ ಇದೇ. ಒಂದು ಲೈಬ್ರರಿ ಇರುತ್ತದೆ, ಪ್ರೋಗ್ರಾಂ ಓಡಲು. ಅದರ ಡೆವ್ ಪ್ಯಾಕೇಜ್ ಇರುತ್ತದೆ, ಅದನ್ನು ಬಳಸಿ ಹೊಸ ಪ್ರೋಗ್ರಾಂ ಕಂಪೈಲ್ ಮಾಡಲು. ಇವೆರಡೂ ಬೀಗ ಮತ್ತು ಬೀಗದಕೈ ಇದ್ದ ಹಾಗೆ. ಬೀಗ ಬದಲಾದರೆ ಹಳೇ ಕೈ ಕೂರುವುದಿಲ್ಲ. ಅದಕ್ಕೇ ಡೆವ್ ಪ್ಯಾಕೇಜ್ "ಇಷ್ಟು ಅಥವಾ ಮೇಲೆ" ಅನ್ನುವುದಿಲ್ಲ, "ಸರಿಯಾಗಿ ಇಷ್ಟೇ" ಅನ್ನುತ್ತದೆ. ಅದು ತಪ್ಪಲ್ಲ, ಹಾಗೇ ಇರಬೇಕು.

ಹಾಗಾದರೆ ಬೀಗ ಹೊಸದು, ಕೈ ಹಳೇದು ಬಂದದ್ದು ಹೇಗೆ? ಲ್ಯಾಬಿನ ಇಂಟರ್ನೆಟ್ ನಿಧಾನ ಅಂತ ನಾನು ಒಂದು ಲೋಕಲ್ ರೆಪೊ, ಅಂದರೆ ನಮ್ಮಲ್ಲೇ ಇರುವ ಪ್ಯಾಕೇಜ್ ಸಂಗ್ರಹ, ಮಾಡಿದ್ದೆ. ಡೆಬಿಯನ್ ಡಿವಿಡಿಯಲ್ಲಿದ್ದ ಪ್ಯಾಕೇಜ್‌ಗಳು ಒಂದು ಕಡೆ. ಅದರ ಜೊತೆಗೆ, ಆಗಲೇ ಅಪ್‌ಡೇಟ್ ಆಗಿದ್ದ ಒಂದು ಸಿಸ್ಟಂನ ಆಪ್ಟ್ ಕ್ಯಾಶ್‌ನಿಂದ, ಅಂದರೆ ಇಳಿಸಿದ ಪ್ಯಾಕೇಜ್‌ಗಳು ಉಳಿಯುವ ಜಾಗದಿಂದ, ಎತ್ತಿಕೊಂಡ ಸೆಕ್ಯೂರಿಟಿ ಅಪ್‌ಡೇಟ್‌ಗಳು. ಆ ಸಿಸ್ಟಂನಲ್ಲಿ ಯಾರೂ ಕಂಪೈಲ್ ಮಾಡುತ್ತಿರಲಿಲ್ಲ. ಹಾಗಾಗಿ ಅದರ ಕ್ಯಾಶ್‌ನಲ್ಲಿ ಹೊಸ ಲೈಬ್ರರಿ ಇತ್ತು, ಹೊಸ ಡೆವ್ ಇರಲಿಲ್ಲ. ಇನ್‌ಸ್ಟಾಲರ್ ಮೊದಲು ಅಪ್‌ಗ್ರೇಡ್ ಮಾಡಿತು, 3.0.11 ಬಂತು. ಆಮೇಲೆ ನನ್ನ ಪಟ್ಟಿಯಲ್ಲಿದ್ದ ಡೆವ್ ಹಾಕಲು ಹೋಯಿತು, ಸಿಕ್ಕಿದ್ದು ಡಿವಿಡಿಯ 3.0.9. ಆಪ್ಟ್ ತಾನಾಗಿ ಯಾವುದನ್ನೂ ಹಿಂದಿನ ವರ್ಷನ್‌ಗೆ ಇಳಿಸುವುದಿಲ್ಲ. ಅಲ್ಲಿಗೆ ನಿಂತಿತು.

ಪ್ಯಾಕೇಜ್‌ಗಳಲ್ಲಿ ದೋಷ ಇರಲಿಲ್ಲ. ಡೆಬಿಯನ್‌ನಲ್ಲೂ ಇರಲಿಲ್ಲ. ಎರಡು ಬೇರೆ ದಿನಗಳ ಪ್ಯಾಕೇಜ್‌ಗಳನ್ನು ನಾನು ಒಂದೇ ಕಪಾಟಿನಲ್ಲಿ ಇಟ್ಟಿದ್ದೆ, ಅಷ್ಟೇ.

ಅದಕ್ಕೇ ನಾನು ಮತ್ತೆ ಮತ್ತೆ ಹೇಳುವುದು: ರೆಪೊ ತಗೊಂಡರೆ ಪೂರ್ತಿ ತಗೊಳ್ಳಿ, ಒಂದೇ ದಿನದ್ದು ತಗೊಳ್ಳಿ. ಡೆಬಿಯನ್ ತನ್ನ ಹಳೆಯ ದಿನಗಳ ರೆಪೊಗಳನ್ನೆಲ್ಲ ಸ್ನ್ಯಾಪ್‌ಶಾಟ್ ಸರ್ವರ್‌ನಲ್ಲಿ ಇಟ್ಟಿದೆ. ತಾರೀಕು, ಗಂಟೆ ಕೊಟ್ಟರೆ ಆ ಹೊತ್ತಿನ ರೆಪೊ ಹೇಗಿತ್ತೋ ಹಾಗೇ ಸಿಗುತ್ತದೆ. ನಿಮ್ಮಲ್ಲೇ ಇಟ್ಟುಕೊಳ್ಳಬೇಕಾದರೆ ಆಪ್ಟ್ಲಿ ಅನ್ನುವ ಪ್ರೋಗ್ರಾಂ ಇದೆ. ಅದರಲ್ಲಿ ರೆಪೊದ ಮಿರರ್, ಅಂದರೆ ನಕಲು, ಮಾಡಿ, ಅದಕ್ಕೊಂದು ಹೆಸರು ಕೊಟ್ಟು ಸ್ನ್ಯಾಪ್‌ಶಾಟ್ ತೆಗೆದಿಡಬಹುದು. ಜೂನ್‌ನಲ್ಲಿ ಹಾಕಿದ ಸಿಸ್ಟಂ, ನವೆಂಬರ್‌ನಲ್ಲಿ ಹಾಕಿದ ಸಿಸ್ಟಂ, ಎರಡೂ ಒಂದೇ ಥರ ಇರುತ್ತವೆ. ಸೆಕ್ಯೂರಿಟಿ ಅಪ್‌ಡೇಟ್ ಬಂದಾಗ ಹೊಸ ಸ್ನ್ಯಾಪ್‌ಶಾಟ್ ತೆಗೆಯಿರಿ, ಪರೀಕ್ಷೆ ಮಾಡಿ, ಆಮೇಲೆ ಬದಲಿಸಿ.

ಮಿರರ್ ಸಿಂಕ್ ಆಗುತ್ತಿರುವಾಗ ಇನ್‌ಸ್ಟಾಲ್ ನಡೆದರೂ ಇದೇ ಥರದ ಪೇಚಾಟ. ಸಿಂಕ್ ಮಾಡುವಾಗ ಪ್ಯಾಕೇಜ್ ಫೈಲ್‌ಗಳು ಮೊದಲು ಬರಬೇಕು, ಅವುಗಳ ಪಟ್ಟಿ ಆಮೇಲೆ, ಹಳೇದನ್ನು ಅಳಿಸುವುದು ಕೊನೆಗೆ. ಸುಮ್ನೆ ಫೈಲ್ ನಕಲು ಮಾಡುವ ಒಂದು ಆರ್‌ಸಿಂಕ್ ಸಾಲು ಬರೆದು, ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ಕ್ರಾನ್‌ಗೆ ಹಾಕಿದವರು ದಯವಿಟ್ಟು ಇದನ್ನೊಮ್ಮೆ ನೋಡಿಕೊಳ್ಳಿ.

ಈಗ ಇನ್ನೊಂದು ಜಗಳ. ಇದು ಹೆಚ್ಚು ಅಪಾಯದ್ದು, ಯಾಕೆಂದರೆ ಇದರಲ್ಲಿ ಕೆಂಪು ಪರದೆ ಬರುವುದೇ ಇಲ್ಲ.

ಡೆಬಿಯನ್‌ನಲ್ಲಿ ಒಂದು ಸಿಸ್ಟಂಗೆ ಒಂದೇ ಮೇಲ್ ಸರ್ವರ್. ಎಕ್ಸಿಮ್ ಇದ್ದರೆ ಪೋಸ್ಟ್‌ಫಿಕ್ಸ್ ಇರುವಂತಿಲ್ಲ. ನಿಮ್ಮ ಪಟ್ಟಿಯ ಯಾವುದೋ ಪ್ಯಾಕೇಜ್ ಜೊತೆಗೆ ಎಕ್ಸಿಮ್ ಬಂದು ಕೂತಿದೆ ಅಂದುಕೊಳ್ಳಿ. ನೀವೇ ಅದಕ್ಕೆ ಸೆಟ್ಟಿಂಗ್ ಕೂಡ ಬರೆದಿದ್ದೀರಿ. ಆಮೇಲೆ ಕೊನೆಯ ಸ್ಕ್ರಿಪ್ಟ್‌ನಲ್ಲಿ ಬೇರೆ ಯಾರೋ ಪೋಸ್ಟ್‌ಫಿಕ್ಸ್ ಹಾಕಿ ಅಂತ ಬರೆದಿದ್ದಾರೆ, ಆಪ್ಟ್-ಗೆಟ್‌ಗೆ ಹೈಫನ್ ವೈ ಕೊಟ್ಟು. ಆಪ್ಟ್ ಏನು ಮಾಡುತ್ತದೆ? ಎಕ್ಸಿಮ್ ತೆಗೆದು ಪೋಸ್ಟ್‌ಫಿಕ್ಸ್ ಹಾಕುತ್ತದೆ. ಕೇಳುವುದಿಲ್ಲ. ಕೇಳಬೇಡ ಅಂತ ಹೇಳಿದ್ದು ನಾವೇ ತಾನೆ? ಬಹಳ ಜನ ಹೈಫನ್ ವೈ ಅಂದರೆ "ಹಾಕು" ಅಂತ ಮಾತ್ರ ಅಂದುಕೊಂಡಿದ್ದಾರೆ. ಅದು "ತೆಗಿ" ಅನ್ನುವುದಕ್ಕೂ ಹೂಂ ಅನ್ನುತ್ತದೆ. ಸಿಸ್ಟಂಗೆ ಅತ್ಯಗತ್ಯ ಅಂತ ಗುರುತಾದ ಪ್ಯಾಕೇಜ್ ತೆಗೆಯಬೇಕಾಗಿ ಬಂದಾಗ, ಹೋಲ್ಡ್‌ನಲ್ಲಿರುವುದನ್ನು ಬದಲಿಸಬೇಕಾಗಿ ಬಂದಾಗ, ಇಂಥ ಕೆಲವು ಕಡೆ ಮಾತ್ರ ನಿಲ್ಲುತ್ತದೆ.

ಹಾಗಾಗಿ ಯಾರೂ ನೋಡದ ಹೊತ್ತಿನಲ್ಲಿ ಓಡುವ ಪ್ರತಿ ಆಪ್ಟ್-ಗೆಟ್ ಸಾಲಿನಲ್ಲೂ ನೋ-ರಿಮೂವ್ ಆಪ್ಷನ್ ಸೇರಿಸಿ. ಯಾವುದನ್ನಾದರೂ ತೆಗೆಯಬೇಕಾಗಿ ಬಂದರೆ ಅದು ಅಲ್ಲೇ ನಿಂತುಬಿಡುತ್ತದೆ. ನಿಲ್ಲಲಿ. ನಿಂತರೆ ನಮಗೆ ಗೊತ್ತಾಗುತ್ತದೆ.

ಇಲ್ಲಿ ಒಬ್ಬರು ಕೇಳಬಹುದು: ಡಿಪೆಂಡೆನ್ಸಿ, ಅಂದರೆ ಯಾವ ಪ್ಯಾಕೇಜ್‌ಗೆ ಯಾವುದು ಬೇಕು ಅನ್ನುವುದನ್ನು, ಬಿಡಿಸುವ ಕೆಲಸ ಕಂಪ್ಯೂಟರ್‌ನದಲ್ಲವಾ, ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು? ಲೆಕ್ಕದ ಪ್ರಕಾರ ಇದು ನಿಜಕ್ಕೂ ಕಷ್ಟದ ಸಮಸ್ಯೆ, ಎನ್‌ಪಿ-ಕಂಪ್ಲೀಟ್ ಗುಂಪಿನದು. ಓಪನ್‌ಸೂಸೆ ಕಡೆಯಿಂದ ಬಂದ ಲಿಬ್‌ಸಾಲ್ವ್ ಇದನ್ನು ಬಹಳ ಚೆನ್ನಾಗಿ ಬಿಡಿಸುತ್ತದೆ. ಫೆಡೋರಾ 22ರಲ್ಲಿ, 2015ರಲ್ಲಿ, ಯಮ್ ಜಾಗಕ್ಕೆ ಬಂದ ಪ್ಯಾಕೇಜ್ ಪ್ರೋಗ್ರಾಂ ಡಿಎನ್‌ಎಫ್ ಕೂಡ ಅದನ್ನೇ ಬಳಸುತ್ತದೆ. 2025ರಲ್ಲಿ ಬಂದ ಆಪ್ಟ್ 3.0ದಲ್ಲೂ ಹೊಸ ಸಾಲ್ವರ್ ಇದೆ. ಇವೆಲ್ಲ ಒಂದು ಉತ್ತರ ಹುಡುಕಿ ಕೊಡುತ್ತವೆ. ಆದರೆ ಮೇಲ್ ಸರ್ವರ್ ಯಾವುದು ಇರಬೇಕು ಅನ್ನುವುದು ಲೆಕ್ಕ ಅಲ್ಲ, ನಿರ್ಧಾರ. ಅದನ್ನು ಹಗಲಿನಲ್ಲಿ, ಪಟ್ಟಿ ಬರೆಯುವಾಗ, ನಾವು ಮಾಡಬೇಕು.

ರೆಡ್ ಹ್ಯಾಟ್ ಕಡೆಯವರಿಗೆ ಎರಡು ಮಾತು. ನಮ್ಮ ಪ್ರಿಸೀಡ್‌ನ ಕೆಲಸವನ್ನೇ ಮಾಡುವ ನಿಮ್ಮ ಕಿಕ್‌ಸ್ಟಾರ್ಟ್ ಫೈಲ್‌ನಲ್ಲಿ ಇಗ್ನೋರ್‌ಮಿಸ್ಸಿಂಗ್ ಅಂತ ಬರೆದರೆ, ಸಿಗದ ಪ್ಯಾಕೇಜ್ ಬಿಟ್ಟು ಇನ್‌ಸ್ಟಾಲ್ ಮುಂದೆ ಹೋಗುತ್ತದೆ. ಆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ತಿಂಗಳಾದ ಮೇಲೆ ಫೋನ್ ಬರುತ್ತದೆ. ಬೇಡ. ಹಾಗೇ, ಕೊನೆಗೆ ಓಡುವ ಪೋಸ್ಟ್ ಸ್ಕ್ರಿಪ್ಟ್ ಫೇಲ್ ಆದರೂ ಇನ್‌ಸ್ಟಾಲ್ ನಿಲ್ಲುವುದಿಲ್ಲ, ನೀವು ಎರರ್‌ಆನ್‌ಫೇಲ್ ಅಂತ ಬರೆಯದಿದ್ದರೆ. ಅದನ್ನು ಬರೆಯಿರಿ. ಬರೆದ ಮೇಲೆ ಸ್ಕ್ರಿಪ್ಟ್ ಒಳಗೂ ಮೊದಲ ತಪ್ಪಿಗೇ ನಿಲ್ಲುವ ಹಾಗೆ ಸೆಟ್ ಹೈಫನ್ ಇ ಹಾಕಿ.

ಡಿಪೆಂಡೆನ್ಸಿ ನೋಡಬೇಡ, ಸುಮ್ನೆ ಹಾಕು ಅನ್ನುವ ಫೋರ್ಸ್ ಆಪ್ಷನ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವುಗಳಿಂದ ಜಗಳ ಬಿಡಿಸಿದ ಹಾಗಾಗುವುದಿಲ್ಲ, ಮುಂದಿನ ಅಪ್‌ಡೇಟ್‌ವರೆಗೆ ಮುಂದೂಡಿದ ಹಾಗಾಗುತ್ತದೆ. ಆದರೆ ಕಾನ್ಫಿಗ್ ಫೈಲ್ ಹಳೇದು ಇಡಲೋ ಹೊಸದು ಹಾಕಲೋ ಅಂತ ಆಪ್ಟ್‌ನ ಕೆಳಗೆ ಕೆಲಸ ಮಾಡುವ ಡಿಪಿಕೆಜಿ ಕೇಳುತ್ತದಲ್ಲ, ಅದಕ್ಕೆ ಮೊದಲೇ ಉತ್ತರ ಕೊಡುವ ಆಪ್ಷನ್ ಬೇರೆ. ಅದನ್ನು ಧೈರ್ಯವಾಗಿ ಬಳಸಿ. ಅದು ನೀವು ಯೋಚಿಸಿ ಕೊಟ್ಟ ಉತ್ತರ.

ನನ್ನ ಅಭಿಪ್ರಾಯದಲ್ಲಿ ಇನ್‌ಸ್ಟಾಲ್ ಪಟ್ಟಿ ಆದಷ್ಟು ಚಿಕ್ಕದಾಗಿರಬೇಕು. ಸಿಸ್ಟಂ ಬೂಟ್ ಆಗಬೇಕು, ನೆಟ್‌ವರ್ಕ್ ಸಿಗಬೇಕು, ದೂರದಿಂದ ಲಾಗಿನ್ ಆಗಲು ಎಸ್‌ಎಸ್‌ಎಚ್ ಬೇಕು, ಸಾಕು. ಕಂಪೈಲರ್, ಡೆವ್ ಪ್ಯಾಕೇಜ್, ಕನ್ನಡ ಟೈಪಿಂಗ್‌ಗೆ ಐಬಸ್, ಗುಬ್ಬಿ ಮತ್ತು ನವಿಲು ಫಾಂಟ್, ಇವೆಲ್ಲ ಆಮೇಲೆ, ದೂರದಿಂದಲೇ ಸಿಸ್ಟಂಗಳನ್ನು ಹೊಂದಿಸುವ ಆನ್ಸಿಬಲ್‌ನಿಂದ ಬರಲಿ. ಆಗ ಏನಾದರೂ ಕೆಟ್ಟರೂ ಸಿಸ್ಟಂ ಎದ್ದಿರುತ್ತದೆ, ಮನೆಯಿಂದಲೇ ಲಾಗಿನ್ ಆಗಿ ನೋಡಬಹುದು. ಇನ್‌ಸ್ಟಾಲರ್ ಒಳಗೇ ಕೆಟ್ಟರೆ ಲ್ಯಾಬಿಗೆ ಹೋಗಲೇಬೇಕು.

ಕಾಲೇಜಿನ ಕಥೆ ಮುಗಿಸಿಬಿಡುತ್ತೇನೆ. ಅವತ್ತು ಶನಿವಾರವೇ ಹೊಸ ಡೆವ್ ಪ್ಯಾಕೇಜ್ ತಂದು ರೆಪೊಗೆ ಹಾಕಿದ್ದರೆ ಕೆಲಸ ಆಗುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಪೂರ್ತಿ ರೆಪೊ ಇಳಿಸಿಕೊಂಡು, ವಿಎಂ ಒಂದರಲ್ಲಿ, ಅಂದರೆ ಸಾಫ್ಟ್‌ವೇರ್‌ನಲ್ಲೇ ಓಡುವ ಕಂಪ್ಯೂಟರ್‌ನಲ್ಲಿ, ಅದೇ ಪ್ರಿಸೀಡ್ ಫೈಲ್ ಮೊದಲಿಂದ ಕೊನೆವರೆಗೆ ಓಡಿಸಿ, ಆಮೇಲೆ ಒಂದೇ ಒಂದು ನಿಜವಾದ ಸಿಸ್ಟಂಗೆ ಹಾಕಿ ನೋಡಿದೆ. ಉಳಿದ 39 ಭಾನುವಾರ ರಾತ್ರಿ ಆದವು. ಈಗ ಪಟ್ಟಿಯಲ್ಲಿ ಒಂದು ಸಾಲು ಬದಲಾದರೂ ಮೊದಲು ಆ ವಿಎಂ ಓಡಬೇಕು ಅಂತ ಮಾಡಿಟ್ಟಿದ್ದೇವೆ. ಅದಕ್ಕೂ ಮುಂಚೆ ಆಪ್ಟ್-ಗೆಟ್‌ನ ಸಿಮ್ಯುಲೇಟ್ ಆಪ್ಷನ್ ಒಂದು ಸಲ. ಅದು ಏನನ್ನೂ ಹಾಕುವುದಿಲ್ಲ, ಏನೇನು ಬರುತ್ತದೆ, ಏನೇನು ಹೋಗುತ್ತದೆ ಅಂತ ಹೇಳುತ್ತದೆ, ಅಷ್ಟೇ. ಕೆಲವು ಸೆಕೆಂಡಿನ ಕೆಲಸ.

ಅದನ್ನೇ ಈಗ ನೋಡೋಣ. ಅವತ್ತಿನ ಮುರಿದ ರೆಪೊವನ್ನು ಹಾಗೇ ಈ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡಿದ್ದೇನೆ. ಮುಂದಿನ ಸಾಲಿನಲ್ಲಿ ಕೂತವರು ಯಾರಾದರೂ ಬನ್ನಿ. ಕಮಾಂಡ್ ನಾನು ಕೊಡುತ್ತೇನೆ, ಬರುವ ಮೆಸೇಜ್ ನೀವು ಗಟ್ಟಿಯಾಗಿ ಓದಿ. ಕೊನೆಯ ಸಾಲಿನಿಂದ ಶುರು ಮಾಡಿ ಮೇಲಕ್ಕೆ ಹೋಗೋಣ.