50 ಕ್ರೆಡಿಟ್ ಹೊತ್ತುಕೊಂಡು ಬೆಂಗಳೂರಿಗೆ

ಈ ಹಸಿರು ಫೈಲ್ ಕಾಣುತ್ತಿದೆಯಲ್ಲ, ಇದರ ತೂಕ ಒಂದು ಕಿಲೋ ಇನ್ನೂರು ಗ್ರಾಂ. ಸುಮ್ನೆ ಹೇಳುತ್ತಿಲ್ಲ. ಕೆಳಗಿನ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಅಂಗಡಿಯಣ್ಣ, "ರದ್ದಿಗೆ ಹಾಕೋದಾ?" ಅಂತ ಕೇಳಿದರು. ಅಯ್ಯೋ ಬೇಡಪ್ಪಾ ಅಂತ ಎದೆಗವಚಿಕೊಂಡು ಬಂದೆ.

ಇದರೊಳಗಿರುವುದು ನನ್ನ ಬಿಎಸ್ಸಿಯ ಮೊದಲ ವರ್ಷ.

ನಮಸ್ಕಾರ. ಇವತ್ತಿನ ವ್ಲಾಗ್‌ನಲ್ಲಿ ಬೆಟ್ಟ ಇಲ್ಲ, ಜಲಪಾತ ಇಲ್ಲ. "ಅಣ್ಣಾ, ನೀವು ಮಧ್ಯದಲ್ಲಿ ಯೂನಿವರ್ಸಿಟಿ ಬದಲಾಯಿಸಿದ್ದು ಹೇಗೆ, ಕ್ರೆಡಿಟ್ ಎಲ್ಲ ಬಂತಾ?" ಅಂತ ತುಂಬಾ ಜನ ಕೇಳಿದ್ದೀರಿ. ಕ್ರೆಡಿಟ್ ಅಂದರೆ ಪಾಸಾದ ಪ್ರತಿ ಪೇಪರಿಗೂ ಇಷ್ಟು ಅಂತ ಸಿಗುವ ಲೆಕ್ಕ. ಎಲ್ಲ ಬರಲಿಲ್ಲ. 50ರಲ್ಲಿ 47 ಬಂತು. ಆ ಮೂರರದ್ದೇ ದೊಡ್ಡ ಕತೆ.

ಈಗ ನೀವು ನೋಡುತ್ತಿರುವುದು ನಮ್ಮೂರು. ಮಲೆನಾಡು. ಹಿಂದೆ ಕಾಣುವುದು ನಮ್ಮ ಅಡಿಕೆ ತೋಟ. 2022ರಲ್ಲಿ ಇಲ್ಲಿಂದಲೇ ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತಿದ್ದೆ. ಕೆಮಿಸ್ಟ್ರಿ ಮತ್ತು ಬಾಟನಿ. ಒಂದು ವರ್ಷ ಚೆನ್ನಾಗಿಯೇ ಹೋಯಿತು. 2023ರ ಮಳೆಗಾಲದಲ್ಲಿ ಅಜ್ಜಿಯ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಚಿಕ್ಕಪ್ಪ ಬೆಂಗಳೂರಲ್ಲಿದ್ದಾರೆ, ಅವರ ಮನೆ ಹತ್ತಿರವೇ ಒಂದು ಬಾಡಿಗೆ ಮನೆ ಹಿಡಿದೆವು. ಅಪ್ಪ ತೋಟ ಬಿಟ್ಟು ಬರುವ ಹಾಗಿಲ್ಲ, ಅಡಿಕೆ ಗೊನೆ ಕೊಯ್ಲು ಶುರುವಾಗುವ ಹೊತ್ತು. ಅಜ್ಜಿಯ ಜೊತೆ ಅಮ್ಮ ಮತ್ತು ನಾನು ಹೊರಟೆವು.

ಹಾಗಾದರೆ ಕಾಲೇಜು?

ನನಗೆ ಇದ್ದ ಧೈರ್ಯ ಒಂದೇ. ಕ್ರೆಡಿಟ್ ಬ್ಯಾಂಕ್ ಅಂತ ಇದೆಯಲ್ಲ! ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಎಲ್ಲರೂ ಎಬಿಸಿ ಅನ್ನುತ್ತಾರೆ. 2021ರ ಜುಲೈನಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ನಿಯಮ ತಂದು ಶುರುಮಾಡಿದ್ದು. ಡಿಜಿಲಾಕರ್‌ನಲ್ಲಿ ಹನ್ನೆರಡು ಅಂಕಿಯ ಐಡಿ ಸಿಗುತ್ತದೆ, ಈಗ ಅದಕ್ಕೆ ಅಪಾರ್ ಐಡಿ ಅನ್ನುತ್ತಾರೆ. ನೀವು ಪಾಸಾದ ಪೇಪರಿನ ಕ್ರೆಡಿಟ್ ಅಲ್ಲಿ ಜಮಾ ಆಗುತ್ತದೆ. ಕಾಲೇಜು ಬದಲಾದರೆ ಕ್ರೆಡಿಟ್ ಜೊತೆಗೇ ಬರುತ್ತದೆ. ನಾನು ಇದನ್ನು ಫೋನ್‌ಪೇ ಥರ ಅಂದುಕೊಂಡಿದ್ದೆ. ಇಲ್ಲಿಂದ ಒತ್ತಿದರೆ ಅಲ್ಲಿ ಟಿಂಗ್ ಅನ್ನುತ್ತದೆ ಅಂತ.

ಡಿಜಿಲಾಕರ್ ತೆಗೆದು ನೋಡಿದೆ. ಸೊನ್ನೆ.

ಯಾಕೆ ಅಂತ ಗೊತ್ತಾಗುವುದಕ್ಕೇ ಒಂದು ವಾರ ಹಿಡಿಯಿತು. ಆಧಾರ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಪೂರ್ತಿ ಹೆಸರಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಎರಡು ಇನಿಶಿಯಲ್. ಕಾಲೇಜಿನ ದಾಖಲೆಯಲ್ಲೂ ಇನಿಶಿಯಲ್ಲೇ. ಐಡಿ ಹುಟ್ಟುವುದು ಆಧಾರ್‌ನಿಂದ, ಕ್ರೆಡಿಟ್ ಬರುವುದು ಯೂನಿವರ್ಸಿಟಿಯಿಂದ. ಎರಡೂ ಬೇರೆ ಬೇರೆ ಮನುಷ್ಯರು ಅಂದುಕೊಂಡಿತು ಆ ಕಂಪ್ಯೂಟರ್. ನಮ್ಮ ಕಡೆ ಅರ್ಧ ಊರಿಗೆ ಈ ಇನಿಶಿಯಲ್ ಕಾಟ ಇದೆ. ಆಧಾರ್ ಕೇಂದ್ರಕ್ಕೆ ಹೋಗಿ 50 ರೂಪಾಯಿ ಕೊಟ್ಟು, ಅಂಕಪಟ್ಟಿ ತೋರಿಸಿ ತಿದ್ದಿಸಿದೆ. ನೆನಪಿರಲಿ, ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಒಂದು ಸಲ ಅಕ್ಷರ ತಪ್ಪಾದರೆ ಒಂದು ಅವಕಾಶ ಹೋದ ಹಾಗೆ.

ತಿದ್ದಿದ ಮೇಲೆ ಮೊದಲ ಸೆಮಿಸ್ಟರ್‌ನ 25 ಕ್ರೆಡಿಟ್ ಕಾಣಿಸಿತು. ಎರಡನೆಯದು ಕಾಣಲಿಲ್ಲ. ಅದನ್ನು ನಾವು ಹಾಕಿಕೊಳ್ಳುವ ಹಾಗಿಲ್ಲ, ಯೂನಿವರ್ಸಿಟಿಯೇ ಅಪ್‌ಲೋಡ್ ಮಾಡಬೇಕು. "ಆಗತ್ತೆ ಬಿಡಪ್ಪಾ" ಅಂದರು ಅಲ್ಲಿಯವರು. ಆ "ಆಗತ್ತೆ ಬಿಡಪ್ಪಾ" ಎಷ್ಟು ದಿನ ಎಳೆಯಿತು ಅಂತ ಆಮೇಲೆ ಹೇಳುತ್ತೇನೆ.

ಆ ಅರ್ಧ ಜಮಾ ಆದ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಬೆಂಗಳೂರಿಗೆ ಬಂದೆ. ಕೆಮಿಸ್ಟ್ರಿ-ಬಾಟನಿ ಕಾಂಬಿನೇಷನ್ ಇರುವ ಕಾಲೇಜು ಹುಡುಕುವುದೇ ಒಂದು ಪಾಡು. ಮೂರನೆಯ ಕಾಲೇಜಿನಲ್ಲಿ ಸೀಟಿದೆ ಅಂದರು. ಆದರೆ ಯೂನಿವರ್ಸಿಟಿ ಬೇರೆ, ಅಲ್ಲಿ ಒಪ್ಪಿಗೆ ತರಬೇಕು. ಅಕಾಡೆಮಿಕ್ ಸೆಕ್ಷನ್‌ನಲ್ಲಿ ಕೇಸ್ ವರ್ಕರ್ ಒಬ್ಬರು ಕೂತಿದ್ದರು. ನಾನು ಹೆಮ್ಮೆಯಿಂದ ಮೊಬೈಲ್ ಮುಂದೆ ಹಿಡಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಇದೆಲ್ಲ ಇರ್ಲಿ ತಮ್ಮಾ. ಸಿಲಬಸ್ ತಂದಿದ್ಯಾ?"

ಅಲ್ಲಿಗೆ ನನ್ನ ಫೋನ್‌ಪೇ ಕನಸು ಮುಗಿಯಿತು.

ಆಮೇಲೆ ಅವರೇ ಬಿಡಿಸಿ ಹೇಳಿದರು. ವಾರಕ್ಕೆ ಒಂದು ಗಂಟೆ ಪಾಠ, ಸೆಮಿಸ್ಟರ್ ಪೂರ್ತಿ ಕೇಳಿದರೆ ಒಂದು ಕ್ರೆಡಿಟ್. ಲ್ಯಾಬ್ ಆದರೆ ವಾರಕ್ಕೆ ಎರಡು ಗಂಟೆ. ಅಂದರೆ ನನ್ನ ಬಾಟನಿಯ 4 ಕ್ರೆಡಿಟ್ ಥಿಯರಿ, 2 ಕ್ರೆಡಿಟ್ ಪ್ರಾಕ್ಟಿಕಲ್ ಅಂದರೆ ವಾರಕ್ಕೆ ಎಂಟು ಗಂಟೆ. ಅಷ್ಟು ಹೊತ್ತು ಕೂತಿದ್ದೆ ಅಂತ ಆ ಸಂಖ್ಯೆ ಹೇಳುತ್ತದೆ. ಕೂತು ಏನು ಓದಿದೆ ಅಂತ ಹೇಳುವುದಿಲ್ಲ. ಇವರಿಗೆ ಬೇಕಾಗಿದ್ದು ಅದು. ಹಳೇ ಪೇಪರನ್ನೂ ತಮ್ಮ ಪೇಪರನ್ನೂ ಪಕ್ಕಪಕ್ಕ ಇಟ್ಟು, ಯೂನಿಟ್ ಯೂನಿಟ್ ತಾಳೆ ನೋಡಿ, ತತ್ಸಮಾನ ಅಂತ ಒಪ್ಪಬೇಕು. ಅದಕ್ಕೆ ಪೂರ್ತಿ ಸಿಲಬಸ್, ಪ್ರತಿ ಹಾಳೆಗೂ ವಿಭಾಗದ ಮುಖ್ಯಸ್ಥರ ಸಹಿ, ಸೀಲು.

ಇನ್ನೊಂದು ಮಾತು ಹೇಳಿದರು, ಅದಕ್ಕೆ ಅವರಿಗೆ ಈಗಲೂ ಋಣಿ. "ಟಿಸಿ, ಮೈಗ್ರೇಷನ್ ಈಗಲೇ ತಗೋಬೇಡ. ಮೊದಲು ನಮ್ಮ ಕಡೆಯಿಂದ ಕಾಗದ ಬರ್ಲಿ." ನಾನು ಮಾರನೇ ದಿನವೇ ಟಿಸಿಗೆ ಅರ್ಜಿ ಹಾಕುವವನಿದ್ದೆ. ಟಿಸಿ ತೆಗೆದುಕೊಂಡು, ಇವರು ಆಗಲ್ಲ ಅಂದುಬಿಟ್ಟಿದ್ದರೆ? ಅತ್ತ ಮನೆ ಇಲ್ಲ, ಇತ್ತ ಮಠ ಇಲ್ಲ.

ಸರಿ, ರಾತ್ರಿ ಬಸ್ಸು. ಈ ಕ್ಲಿಪ್ ಮೆಜೆಸ್ಟಿಕ್‌ನದ್ದು.

ಹಳೇ ಕಾಲೇಜಿನ ಬಾಟನಿ ಸರ್ ನನ್ನನ್ನು ನೋಡಿ ಬೇಜಾರು ಮಾಡಿಕೊಂಡರು. "ಹೋಗ್ತೀಯೇನೋ" ಅಂದರು. ಆಮೇಲೆ ಜೆರಾಕ್ಸ್ ಕಟ್ಟನ್ನು ಮುಂದೆ ಎಳೆದುಕೊಂಡರು. 64 ಹಾಳೆ. ಸೀಲ್ ಪ್ಯಾಡ್ ಒಣಗಿ ಹೋಗಿತ್ತು. ಡ್ರಾಯರ್‌ನಲ್ಲಿ ತಡಕಾಡಿ ಇಂಕಿನ ಬಾಟಲಿ ತೆಗೆದು ಎರಡು ಹನಿ ಬಿಟ್ಟರು. ಜಾಸ್ತಿ ಆಯಿತು. ಮೊದಲ ಆರು ಹಾಳೆಯಲ್ಲಿ ಸೀಲು ನೇರಳೆಹಣ್ಣು ಜಜ್ಜಿದ ಹಾಗೆ ಹರಡಿಕೊಂಡಿತು. ಇಬ್ಬರೂ ನಕ್ಕೆವು. ಆಮೇಲಿನದೆಲ್ಲ ಚೆನ್ನಾಗಿ ಬಂತು. ಸಹಿ ಹಾಕುತ್ತಲೇ ಅವರು ತಮ್ಮ ಮನೆ ಹಿಂದಿನ ಜರೀಗಿಡದ ಬಗ್ಗೆ ಹೇಳುತ್ತಿದ್ದರು. ನಲವತ್ತನೇ ಹಾಳೆಯ ಹೊತ್ತಿಗೆ ಅವರ ಸಹಿ ಬರೀ ಒಂದು ಗೆರೆ ಆಗಿತ್ತು.

ಬೆಂಗಳೂರಲ್ಲಿ ಆ ಕಟ್ಟು ಬಿಚ್ಚಿದ ಕೇಸ್ ವರ್ಕರ್ ಮೊದಲ ಹಾಳೆಯನ್ನೇ ಬೆಳಕಿಗೆ ಹಿಡಿದರು.

"ಇದರಲ್ಲಿ ಕಾಲೇಜಿನ ಹೆಸರೇ ಓದಕ್ಕಾಗಲ್ವಲ್ಲಪ್ಪಾ."

ಆರು ಹಾಳೆಗೆ ಮತ್ತೊಂದು ರಾತ್ರಿ ಬಸ್ಸು. ನಗು ಬಂದರೆ ನಕ್ಕುಬಿಡಿ. ಆಗ ನನಗೆ ಬಂದಿರಲಿಲ್ಲ. ಆ ಆರು ಹಾಳೆ ಇಲ್ಲೇ ಇವೆ ನೋಡಿ, ಬಿಸಾಡಲು ಮನಸ್ಸಾಗಲಿಲ್ಲ.

ಇನ್‌ವರ್ಡ್ ನಂಬರ್ ಬಿತ್ತು, ಚಲನ್ ಕಟ್ಟಿದ್ದಾಯಿತು, ಫೈಲು ಪಠ್ಯಕ್ರಮ ನೋಡಿಕೊಳ್ಳುವ ಬೋರ್ಡ್ ಆಫ್ ಸ್ಟಡೀಸ್‌ಗೆ ಹೋಯಿತು. ಬಾಟನಿಯ ಮೇಡಂ ನನ್ನನ್ನೇ ಕರೆಸಿದರು. ಕೈಯಲ್ಲಿ ಪೆನ್ಸಿಲ್. ನಮ್ಮ ರಾಜ್ಯದಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ಬಂದಾಗ ಉನ್ನತ ಶಿಕ್ಷಣ ಪರಿಷತ್ತು ಎಲ್ಲರಿಗೂ ಒಂದು ಮಾದರಿ ಪಠ್ಯಕ್ರಮ ಕೊಟ್ಟಿತ್ತು, ಯೂನಿವರ್ಸಿಟಿಗಳು ಅದನ್ನು ಅಲ್ಪಸ್ವಲ್ಪ ತಿದ್ದಿಕೊಂಡಿದ್ದವು. ಹಾಗಾಗಿ ಬಾಟನಿ, ಕೆಮಿಸ್ಟ್ರಿ ಹೆಚ್ಚುಕಡಿಮೆ ಒಂದೇ ಇತ್ತು. ಟಿಕ್, ಟಿಕ್, ಟಿಕ್. ನಮ್ಮಲ್ಲಿ ಮೊದಲ ಸೆಮಿಸ್ಟರ್‌ಗಿದ್ದ ಡಿಜಿಟಲ್ ಫ್ಲುಯೆನ್ಸಿ ಇಲ್ಲಿ ಎರಡನೆಯದರಲ್ಲಿ, ಇಲ್ಲಿಯ ಪರಿಸರ ಅಧ್ಯಯನ ನಮ್ಮಲ್ಲಿ ಎರಡನೆಯದರಲ್ಲಿ. ಅದಲುಬದಲು ಅಷ್ಟೇ, ಅದಕ್ಕೂ ಟಿಕ್. ಕನ್ನಡದ ಪಠ್ಯಪುಸ್ತಕ ಪೂರ್ತಿ ಬೇರೆ. ಭಾಷೆ ಭಾಷೆಯೇ ಅಲ್ವಾ ಅಂತ ಟಿಕ್. ಸಂಸ್ಕೃತಕ್ಕೂ ಟಿಕ್ ಬಿತ್ತು. ಆದರೆ ಹೊಸ ಕಾಲೇಜಿನಲ್ಲಿ ಸಂಸ್ಕೃತದ ಮೇಷ್ಟ್ರೇ ಇರಲಿಲ್ಲ. ಮೂರನೇ ಸೆಮಿಸ್ಟರ್‌ನಿಂದ ಹಿಂದಿ. ನನ್ನ ಹಿಂದಿಯ ಬಗ್ಗೆ ಬೇರೆಯೇ ವಿಡಿಯೋ ಮಾಡಬೇಕು, ಬಿಡಿ.

ಆಮೇಲೆ ಪೆನ್ಸಿಲ್ ನಿಂತಿತು. ಓಪನ್ ಎಲೆಕ್ಟಿವ್. ಎರಡನೇ ಸೆಮಿಸ್ಟರ್, "ಔಷಧೀಯ ಸಸ್ಯಗಳು", 3 ಕ್ರೆಡಿಟ್.

"ಇದು ಬಾಟನಿ ಅಲ್ವೇನೋ?"

"ಹೌದು ಮೇಡಂ."

"ಓಪನ್ ಎಲೆಕ್ಟಿವ್ ಅಂದ್ರೆ ನಿನ್ನ ವಿಷಯದ ಹೊರಗಿಂದು ಓದ್ಬೇಕು. ಬಾಟನಿ ಹುಡುಗಂಗೆ ಬಾಟನೀನೇ ಕೊಟ್ರೆ ಅದು ಓಪನ್ ಹೇಗಾಗತ್ತೆ?"

ಅವರು ಹೇಳಿದ್ದು ಸರಿ. ನಮ್ಮದು ಚಿಕ್ಕ ಕಾಲೇಜು. ಆ ವರ್ಷ ಇದ್ದದ್ದೇ ಎರಡು ಆಯ್ಕೆ, ಇನ್ನೊಂದಕ್ಕೆ ಮೇಷ್ಟ್ರು ಬರಲಿಲ್ಲ. ಎಲ್ಲರನ್ನೂ ಇದಕ್ಕೇ ಕೂರಿಸಿದರು. ಅಲ್ಲೇ ಮುಗಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬೇರೆ ಕಡೆ ಹೊತ್ತು ತಂದಾಗ ಸಿಕ್ಕಿಬಿತ್ತು. ಮೇಡಂ ಆ ಸಾಲಿನ ಪಕ್ಕ ಸಣ್ಣದೊಂದು ಸೊನ್ನೆ ಸುತ್ತಿದರು. ಬೈಯಲಿಲ್ಲ, ಬೇಸರದಿಂದಲೇ ಸುತ್ತಿದರು.

ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ಸ್ವಯಂ ಪೋರ್ಟಲ್‌ನಲ್ಲಿ ಒಂದು ಕೋರ್ಸ್ ಮುಗಿಸಿದ್ದೆ, ಅದನ್ನು ಇದರ ಬದಲು ತಗೊಳ್ಳಿ ಅಂತ ಕೇಳಿ ನೋಡಿದೆ. ಒಂದು ಸೆಮಿಸ್ಟರ್‌ನ ಶೇ. 40ರವರೆಗೆ ಸ್ವಯಂ ಕೋರ್ಸ್ ತೆಗೆದುಕೊಳ್ಳಲು ಯುಜಿಸಿ ಬಿಟ್ಟಿದೆ, ನಿಜ. ಆದರೆ ಯೂನಿವರ್ಸಿಟಿ ಮೊದಲೇ ಒಪ್ಪಿದ ಕೋರ್ಸ್ ಆಗಿರಬೇಕು. ನಾನು ಯಾರನ್ನೂ ಕೇಳದೆ, ಲಾಕ್‌ಡೌನ್ ಅಭ್ಯಾಸದಲ್ಲಿ, ಸುಮ್ನೆ ಮಾಡಿದ್ದು. ಸರ್ಟಿಫಿಕೇಟ್ ಗೋಡೆಗೆ ಹಾಕಿಕೊಳ್ಳಬಹುದು.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಡಯಾಲಿಸಿಸ್ ಆದ ದಿನ ಅವರಿಗೆ ಮಾತಾಡಲೂ ಸುಸ್ತು. ಆದರೂ ಕೇಳಿಸಿಕೊಂಡು ಹೇಳಿದರು, "ಓದಿದ್ದನ್ನ ಇನ್ನೊಂದ್ ಸಲ ಓದಿದ್ರೆ ನಿಂದೇನು ಗಂಟು ಹೋಗ್ತದೆ?"

ಗಂಟು ಹೋಗಲಿಲ್ಲ, ಶನಿವಾರಗಳು ಹೋದವು. ನಾಲ್ಕನೇ ಸೆಮಿಸ್ಟರ್‌ನಲ್ಲಿದ್ದುಕೊಂಡು ಎರಡನೇ ಸೆಮಿಸ್ಟರ್ ಹುಡುಗರ ಜೊತೆ ಕಾಮರ್ಸ್ ವಿಭಾಗದ ಎಲೆಕ್ಟಿವ್‌ಗೆ ಕೂತೆ. ಮೊದಲ ದಿನ ಎಲ್ಲರೂ ಎದ್ದು ನಿಂತು "ಗುಡ್ ಮಾರ್ನಿಂಗ್ ಸರ್" ಅಂದರು. ಗಡ್ಡ ಬಿಟ್ಟಿದ್ದೆ, ನನ್ನದೇ ತಪ್ಪು. ವಿಷಯ ಮಾತ್ರ ಒಳ್ಳೆಯದಿತ್ತು. ಅಜ್ಜಿಯ ವಿಮೆ ಕಾಗದವನ್ನು ಪೂರ್ತಿ ಓದಿ ಅರ್ಥ ಮಾಡಿಕೊಂಡದ್ದು ಆ ಕ್ಲಾಸಿನಿಂದಲೇ.

ಈಗ ಯಾರಾದರೂ ಹೊರಟಿದ್ದರೆ ನನ್ನ ಮಾತು ಕೇಳಿ. ಹೋಗುವುದಿದ್ದರೆ ಬೇಗ ಹೋಗಿ. ಎಬಿಸಿ ನಿಯಮದಲ್ಲಿ ಪದವಿ ಕೊಡುವ ಸಂಸ್ಥೆಯಲ್ಲೇ ಕಡೇ ಪಕ್ಷ ಅರ್ಧ ಕ್ರೆಡಿಟ್ ಗಳಿಸಿರಬೇಕು ಅಂತ ಇದೆ. ಮೂರು ವರ್ಷದ ಪದವಿಯಲ್ಲಿ ಎರಡು ವರ್ಷ ಒಂದು ಕಡೆ ಮುಗಿಸಿ ಕೊನೇ ವರ್ಷ ಇನ್ನೊಂದು ಕಡೆ ಅಂದರೆ ಲೆಕ್ಕ ಕೂಡುವುದಿಲ್ಲ. ನಾನು ಮೂರನೇ ಸೆಮಿಸ್ಟರ್‌ಗೆ ಸೇರಿದ್ದು ಪುಣ್ಯ. ಬ್ಯಾಚ್ ಯಾವುದು ಅಂತಲೂ ನೋಡಿಕೊಳ್ಳಿ. 2024ರ ಮೇನಲ್ಲಿ ನಮ್ಮ ಸರ್ಕಾರ ಎನ್‌ಇಪಿಯ ನಾಲ್ಕು ವರ್ಷದ ಪದ್ಧತಿ ಬಿಟ್ಟು ಮೂರು ವರ್ಷಕ್ಕೆ ವಾಪಸ್ ಬಂತು. ಆಮೇಲೆ ಸೇರಿದವರ ಪಠ್ಯಕ್ರಮ ನಮ್ಮದಲ್ಲ. ನಡುವೆ ಒಂದು ವರ್ಷ ಬಿಟ್ಟು ಹೊಸ ಪದ್ಧತಿಗೆ ಬಂದು ಸೇರುವವರು ನನಗಿಂತ ಜಾಸ್ತಿ ಬಸ್ಸು ಹತ್ತಬೇಕಾಗಬಹುದು.

ಮತ್ತೆ, ಸಿಲಬಸ್ ಎಸೆಯಬೇಡಿ. ಪರೀಕ್ಷೆ ಮುಗಿದ ಸಂಜೆ ನಾವೆಲ್ಲ ಮೊದಲು ಎಸೆಯುವುದೇ ಅದನ್ನು.

ಈ ಕೊನೆಯ ಕ್ಲಿಪ್ ಆಸ್ಪತ್ರೆಯ ಹೊರಗಿನದು. 2025, ನನ್ನ ಕೊನೇ ಪರೀಕ್ಷೆ ಮುಗಿದು ಎರಡು ವಾರ ಆಗಿತ್ತು. ಅಜ್ಜಿ ಒಳಗಿದ್ದರು. ನಾಲ್ಕು ಗಂಟೆ ಕಾಯಬೇಕು, ಹಾಗಾಗಿ ಸುಮ್ನೆ ಡಿಜಿಲಾಕರ್ ತೆಗೆದೆ. ಹಳೇ ಯೂನಿವರ್ಸಿಟಿಯ ಎರಡನೇ ಸೆಮಿಸ್ಟರ್ ಬಂದು ಕೂತಿತ್ತು! "ಆಗತ್ತೆ ಬಿಡಪ್ಪಾ" ಅಂದಿದ್ದು ಆಯಿತು. ಪೂರ್ತಿ 25. ಯಾರಿಗೂ ಬೇಡವಾದ ಆ 3 ಕೂಡ ಅದರಲ್ಲೇ ಇದೆ. ಜಮಾ ಆದ ಕ್ರೆಡಿಟ್‌ಗೆ ಏಳು ವರ್ಷದವರೆಗೆ ಆಯಸ್ಸಂತೆ. ಇನ್ನೂ ಟೈಮಿದೆ, ನೋಡೋಣ.

ಅಜ್ಜಿ ಹೊರಗೆ ಬಂದ ಮೇಲೆ ತೋರಿಸಿದೆ. ಫೋನನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು.

"ಔಷಧಿ ಗಿಡ ಅಂದ್ಯಲ, ಒಂದೆಲಗದ ಪಾಠ ಇತ್ತನಾ?"

ಇತ್ತು ಅಂದೆ.

"ತಂಬುಳಿ ಮಾಡೋದು ಬರ್ದಿದ್ರಾ?"

ಇಲ್ಲ ಅಜ್ಜಿ, ಅದು ಸಿಲಬಸ್‌ನಲ್ಲಿ ಇರಲಿಲ್ಲ.